ನಾಲ್ಕೂವರೆಯ ಕರೆ

ಜನವರಿ 6, ಸೋಮವಾರ

ಇವತ್ತು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಮಾತಾಡಿದೆ. ಅತಿಥಿ ಶಿಕ್ಷಕಿ ಎದ್ದು ನಿಲ್ಲುವ ಪದ್ಧತಿ ನಮ್ಮ ಹೈಸ್ಕೂಲಿನಲ್ಲಿ ಇರಲಿಲ್ಲ. ಇನ್ನು ಮುಂದೆ ಇರುತ್ತದೆ.

ಹತ್ತನೇ ತರಗತಿಯ ಫಲಿತಾಂಶದಲ್ಲಿ ನಮ್ಮ ಶಾಲೆ ತಾಲ್ಲೂಕಿನ ಕೊನೆಯ ಐದರಲ್ಲಿದೆಯಂತೆ. ಅದಕ್ಕೆ ಮುಖ್ಯ ಶಿಕ್ಷಕ ಆದಿನಾರಾಯಣಪ್ಪ ಸರ್ ಮಕ್ಕಳನ್ನು ಹಂಚಿ ಪಟ್ಟಿ ಮಾಡಿದ್ದಾರೆ. ಒಬ್ಬೊಬ್ಬ ಶಿಕ್ಷಕರಿಗೆ ಹನ್ನೆರಡು ಮಕ್ಕಳು. ಬೆಳಗಿನ ಜಾವ ನಾಲ್ಕೂವರೆಗೆ ಅವರ ಮನೆಗೆ ಫೋನ್ ಮಾಡಿ ಎಬ್ಬಿಸಬೇಕು. ಮುಖ ತೊಳೆದು ಪುಸ್ತಕದ ಮುಂದೆ ಕೂತ ಮೇಲೆ ಮಗು ನಮಗೊಂದು ಮಿಸ್ಡ್ ಕಾಲ್ ಕೊಡಬೇಕು. ಒಂದೇ ರಿಂಗು. ಅದು ಬಂದರೆ ರಿಜಿಸ್ಟರಿನಲ್ಲಿ ಟಿಕ್. ಶನಿವಾರ ಶನಿವಾರ ರಿಜಿಸ್ಟರು ಮೇಲಿನ ಕಚೇರಿಗೆ ಹೋಗುತ್ತದೆ.

ನನ್ನ ಬ್ಯಾಗಿನಲ್ಲಿ ಕಿರುಹೊತ್ತಿಗೆ ಇತ್ತು. ದೊಡ್ಡಬಳ್ಳಾಪುರದ ವಿಜ್ಞಾನ ಶಿಬಿರದಲ್ಲಿ ಸಿಕ್ಕಿದ್ದು. ಮೂವತ್ತೆರಡು ಪುಟ, ಹಿಂದಿನ ರಟ್ಟು ಹರಿದುಹೋಗಿ ಬರೆದವರು ಯಾರೆಂದು ತಿಳಿಯದು. ಒಂಬತ್ತನೇ ಪುಟ ತೆಗೆದು ಓದಿದೆ. ಹದಿಹರೆಯದ ದೇಹಕ್ಕೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದೆ ಬೀಳುತ್ತದೆ, ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಬೇಗ ಎಚ್ಚರವಾಗುವುದಿಲ್ಲ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ನಿದ್ದೆ ಕಿತ್ತುಕೊಂಡು ಅಂಕ ಕೇಳುವುದು ಬೇರು ಕಿತ್ತು ಹೂವು ಕೇಳಿದ ಹಾಗೆ. ಕೊನೆಯ ವಾಕ್ಯ ನನ್ನದು.

ದೈಹಿಕ ಶಿಕ್ಷಕ ಅಂಬರೀಶ್ ಸರ್ ಹಿಂದಿನ ಬೆಂಚಿನಿಂದ, "ಮೋನಿಷಾ ಮೇಡಂ, ನಿದ್ದೆಗೊಂದು ಸಂಘ ಕಟ್ಬಿಡಿ. ನಾನು ಆಜೀವ ಸದಸ್ಯ" ಅಂದರು. ಎಲ್ಲರೂ ನಕ್ಕರು.

ಹೆಡ್ ಮಾಸ್ಟರ್ ನಗಲಿಲ್ಲ. "ಕೂತ್ಕೊಳಮ್ಮ. ನೀನು ಹೇಳೋದು ಸುಳ್ಳಲ್ಲ. ಆದ್ರೆ ಪರೀಕ್ಷೆ ಇರೋದು ಮಾರ್ಚಲ್ಲಿ, ನಿನ್ನ ಪುಸ್ತಕದಲ್ಲಲ್ಲ" ಅಂದರು.

ನಿದ್ದೆಯನ್ನೂ ಬಿಡದ ವ್ಯವಸ್ಥೆ ಇದು. ಬರೆದಿಟ್ಟುಕೊಳ್ಳುತ್ತೇನೆ, ಒಂದು ದಿನ ಬೇಕಾಗುತ್ತದೆ.

ಜನವರಿ 9, ಗುರುವಾರ

ಮೂರು ದಿನ ಫೋನ್ ಮಾಡಿದೆ. "ಎದ್ದೆ ಮಿಸ್" ಅನ್ನುತ್ತಾರೆ, ನೀರಿನೊಳಗಿಂದ ಮಾತಾಡಿದ ಹಾಗೆ. ಹನ್ನೆರಡು ಮಿಸ್ಡ್ ಕಾಲ್ ಬರುತ್ತವೆ. ಅದರಲ್ಲಿ ಎಷ್ಟು ಜನ ಮತ್ತೆ ಮಲಗುತ್ತಾರೋ. ಮಲಗಲಿ.

ಮೊದಲ ಪೀರಿಯಡ್‌ನಲ್ಲಿ ಅಕ್ಷತ ನಿದ್ದೆ ಹೋಗಿದ್ದಳು. ಅವಳು ಮಲಗುವ ರೀತಿಯೇ ಬೇರೆ. ಪೆನ್ನನ್ನು ನೆಟ್ಟಗೆ ಹಿಡಿದು, ನೋಟ್‌ಬುಕ್ಕಿನ ಮೇಲೆ ತುದಿ ಊರಿ, ಬರೆಯುತ್ತಿರುವವಳ ಹಾಗೆ ಕೂತೇ ಮಲಗುತ್ತಾಳೆ. ಹತ್ತಿರ ಹೋದರೆ ಮಾತ್ರ ಗೊತ್ತಾಗುತ್ತದೆ, ಪೆನ್ನಿನ ಕೆಳಗೆ ಒಂದು ನೀಲಿ ಚುಕ್ಕೆ ದೊಡ್ಡದಾಗುತ್ತಾ ಹೋಗಿರುತ್ತದೆ. ಕುಂದಾಣದಿಂದ ಆಚೆಗಿನ ಹಳ್ಳಿಯ ಹುಡುಗಿ. ‘ಮುಂದೆ ಏನಾಗಬೇಕು’ ಅಂತ ಬರೆಸಿದಾಗ ‘ಪಿಯುಸಿ ಮಾಡಿ ನರ್ಸಿಂಗ್ ಓದಬೇಕು’ ಎಂದು ಒಂದೇ ಸಾಲು ಬರೆದಿದ್ದಳು.

ಎಬ್ಬಿಸಲಿಲ್ಲ. ಪಾಠವನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಮುಂದುವರಿಸಿದೆ. ಮಲಗಿದ ಮಗುವನ್ನು ಎಬ್ಬಿಸುವ ಅಧಿಕಾರ ಯಾವ ಶಿಕ್ಷಕರಿಗೂ ಇಲ್ಲ.

ಜನವರಿ 15, ಬುಧವಾರ

ನನ್ನ ಹನ್ನೆರಡು ಮಕ್ಕಳಿಗೆ ಹಾಳೆ ಕೊಟ್ಟು, ಮಲಗಿದ ಹೊತ್ತು ಎದ್ದ ಹೊತ್ತು ಒಂದು ವಾರ ಬರೆಯಿರಿ ಅಂದಿದ್ದೆ. ಇವತ್ತು ಬಂದವು. ಸರಾಸರಿ ಐದು ಗಂಟೆ ನಲವತ್ತು ನಿಮಿಷ. ಸುನಿಲ್‌ಕುಮಾರ್ ‘ಒಂದು ಗಂಟೆವರೆಗೂ ರೀಲ್ಸ್’ ಎಂದು ಪ್ರಾಮಾಣಿಕವಾಗಿ ಬರೆದು ಪಕ್ಕದಲ್ಲಿ ‘ಸಾರಿ ಮಿಸ್’ ಎಂದು ಸೇರಿಸಿದ್ದಾನೆ. ಕೀರ್ತನ ಬಣ್ಣದ ಪೆನ್ನಿನಲ್ಲಿ ಗ್ರಾಫ್ ಬರೆದಿದ್ದಾಳೆ. ಅಕ್ಷತ ಏಳು ದಿನವೂ ಒಂದೇ ಬರೆದಿದ್ದಾಳೆ. ಹನ್ನೊಂದಕ್ಕೆ ಮಲಗಿದ್ದು, ನಾಲ್ಕೂವರೆಗೆ ಎದ್ದದ್ದು.

ಹಾಳೆಗಳನ್ನು ಹೆಡ್ ಮಾಸ್ಟರ್ ಮೇಜಿನ ಮೇಲೆ ಇಟ್ಟೆ. ಅವರು ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದರು. ಮಧ್ಯಾಹ್ನ ಎರಡು ಗಂಟೆ. ಅವರೂ ಹನ್ನೆರಡು ಜನಕ್ಕೆ ಫೋನ್ ಮಾಡುತ್ತಾರೆ.

ಜನವರಿ 17, ಶುಕ್ರವಾರ

ತೀರ್ಮಾನ ಮಾಡಿದ್ದಾಯಿತು. ಸೋಮವಾರದಿಂದ ನನ್ನ ಹನ್ನೆರಡು ಮಕ್ಕಳಿಗೆ ಫೋನ್ ಇಲ್ಲ. ರಿಜಿಸ್ಟರಿನಲ್ಲಿ ಟಿಕ್ ಹಾಕುತ್ತೇನೆ. ಇದು ಸುಳ್ಳಲ್ಲ, ಅಸಹಕಾರ.

ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿ ಹೇಳಿದೆ. ಹತ್ತು ಗಂಟೆಗೆ ಫೋನ್ ದೂರ ಇಡಿ, ಆರು ಗಂಟೆಯವರೆಗೂ ಮಲಗಿ. ಮನೆಯಲ್ಲಿ ಕೇಳಿದರೆ ಮಿಸ್ ಹೇಳಿದ್ದಾರೆ, ನಾಲ್ಕೂವರೆಗೆ ಏಳಬಾರದಂತೆ ಅನ್ನಿ. ಸುನಿಲ್‌ಕುಮಾರ್ ಎದ್ದು ನಿಂತು ಕೈಮುಗಿದ. ಎಲ್ಲರೂ ನಕ್ಕರು.

ಅಕ್ಷತ ಮಾತ್ರ ಹೊರಡಲಿಲ್ಲ. ಬ್ಯಾಗಿನ ಪಟ್ಟಿ ತಿರುಚುತ್ತಾ ನಿಂತಳು.

"ಮಿಸ್, ನನಗೊಬ್ಬಳಿಗೆ ಮಾಡ್ತೀರಾ?"

"ಏನು?"

"ಫೋನು."

"ಯಾಕೆ?"

"ಸುಮ್ನೆ ಮಿಸ್."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಅವಳನ್ನು ಹೀಗೆ ಮಾಡಿದವರ ಮೇಲೆ. ಹೊಡೆತಕ್ಕೆ ಒಗ್ಗಿಹೋದವರು ಹೊಡೆತ ನಿಂತರೆ ಗಾಬರಿಯಾಗುತ್ತಾರೆ, ಹಾಗಾಗಬೇಡ ಅಂತ ಹತ್ತು ನಿಮಿಷ ಹೇಳಿದೆ. ತಲೆ ಆಡಿಸಿದಳು. ಅರ್ಥವಾಯಿತು ಅನಿಸುತ್ತದೆ.

ಜನವರಿ 28, ಮಂಗಳವಾರ

ಕಿರುಹೊತ್ತಿಗೆ ಹೇಳಿದ್ದು ಅಕ್ಷರಶಃ ನಿಜ. ಎಂಟು ದಿನಕ್ಕೇ ತರಗತಿಯ ಮುಖ ಬೇರೆಯಾಗಿದೆ. ಸುನಿಲ್‌ಕುಮಾರ್ ಮಸೂರದ ಸೂತ್ರವನ್ನು ತಾನೇ ಹೇಳಿದ. ಕೀರ್ತನ ನನ್ನನ್ನು ಪ್ರಶ್ನೆ ಕೇಳಿ ಸಿಕ್ಕಿಸಿದಳು. ಹನ್ನೆರಡರಲ್ಲಿ ಹನ್ನೊಂದು ಮಕ್ಕಳು ಎಚ್ಚರವಾಗಿದ್ದಾರೆ.

ಅಕ್ಷತ ಮಾತ್ರ ಈಗ ಎರಡನೇ ಪೀರಿಯಡ್‌ನಲ್ಲೂ ಮಲಗುತ್ತಾಳೆ. ಪೆನ್ನು ನೆಟ್ಟಗೆ ಹಿಡಿಯುವ ತ್ರಾಣವೂ ಇಲ್ಲ, ಕೈ ಮಡಚಿ ತಲೆ ಇಟ್ಟುಬಿಡುತ್ತಾಳೆ. ಅವಳ ಹತ್ತಿರ ಹೋದರೆ ಕಾಕಡ ಮಲ್ಲಿಗೆಯ ವಾಸನೆ. ಬೆರಳ ತುದಿಗಳು ನೀರಿನಲ್ಲಿ ನೆನೆದವರ ಹಾಗೆ ಸುಕ್ಕಾಗಿವೆ.

ಹೊರಗೆ ಕರೆದು ಕೇಳಿದೆ. "ರಾತ್ರಿ ಫೋನ್ ನೋಡ್ತೀಯಾ?"

"ಇಲ್ಲ ಮಿಸ್."

"ಮತ್ತೆ? ಎಲ್ಲರಿಗೂ ಸರಿಹೋದದ್ದು ನಿನಗೊಬ್ಬಳಿಗೆ ಯಾಕೆ ಹೋಗಲ್ಲ?"

ನೆಲ ನೋಡಿದಳು. ಏನೋ ಮುಚ್ಚಿಡುತ್ತಿದ್ದಾಳೆ.

ಫೆಬ್ರವರಿ 5, ಬುಧವಾರ

ಮಾದರಿ ಪರೀಕ್ಷೆಯ ಅಂಕ ಬಂತು. ಹನ್ನೊಂದು ಜನ ಮೇಲೆ ಹೋಗಿದ್ದಾರೆ. ಅಕ್ಷತಳಿಗೆ ಗಣಿತದಲ್ಲಿ ಎಂಬತ್ತಕ್ಕೆ ಒಂಬತ್ತು. ಡಿಸೆಂಬರಿನಲ್ಲಿ ಇಪ್ಪತ್ತೊಂದು ಇತ್ತು.

ಶಾಲೆ ಬಿಟ್ಟ ಮೇಲೆ ಅವಳ ಜೊತೆಯಲ್ಲೇ ಅವಳ ಮನೆಗೆ ಹೋದೆ. ಅವಳ ತಾಯಿ ಮುನಿರತ್ನಮ್ಮ ಅಂಗಳದಲ್ಲಿ ಕೂತು ಹೂವಿನ ಬುಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬಾಗಿಲು ಮುಚ್ಚಿತ್ತು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟುಕೊಂಡರು.

"ಮೆತ್ತಗೆ ಮಾತಾಡಿ ಮಿಸ್. ಒಳಗೆ ಇವ್ರು ಮಲಗವ್ರೆ. ರಾತ್ರಿಯೆಲ್ಲ ಏರ್‌ಪೋರ್ಟ್ ಗಾಡಿ ಓಡಿಸ್ತಾರೆ. ಈಗ ಎದ್ಬಿಟ್ರೆ ಸ್ಟೇರಿಂಗ್ ಮೇಲೇ ತೂಕಡಿಸ್ತಾರೆ."

ಅಕ್ಷತ ನೀರು ತಂದುಕೊಟ್ಟು ಹಿತ್ತಲಿಗೆ ಹೋದಳು. ನಾನು ಪಿಸುದನಿಯಲ್ಲಿ ಒಂಬತ್ತನೇ ಪುಟ, ಹದಿನಾಲ್ಕನೇ ಪುಟ ಎಲ್ಲ ಹೇಳಿದೆ. ಪಿಸುದನಿಯಲ್ಲಿ ಹೇಳಿದರೆ ಯಾವ ವಾದಕ್ಕೂ ಬಲ ಇರುವುದಿಲ್ಲ.

ಮುನಿರತ್ನಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು, "ನೀವು ಫೋನ್ ಮಾಡ್ತಿದ್ರಲ್ಲ ಮಿಸ್, ಆವಾಗ ನಾನು ಅವಳನ್ನ ಮುಟ್ತಿರ್ಲಿಲ್ಲ. ಇಸ್ಕೂಲಿಂದ ಫೋನ್ ಬರ್ತದೆ, ಮಗ ಎದ್ದು ಓದ್ಕೋಬೇಕು, ಅಲ್ಲೀಗಂಟ ಮಲಗ್ಲಿ ಅಂತ ನಾನೊಬ್ಬಳೇ ತೋಟಕ್ಕೆ ಹೋಗ್ತಿದ್ದೆ. ಈಗ ನೀವೇ ಬೇಡ ಅಂದ್ರಂತಲ್ಲ. ಬೆಳಿಗ್ಗೆ ಓದೋ ಹಂಗಿಲ್ಲ ಅಂದ್ಮೇಲೆ ಇನ್ನೇನು, ಬಾ ಒಂದು ಕೈ ಆಯ್ತದೆ ಅಂತ ಕರ್ಕೊಂಡು ಹೋಗ್ತೀನಿ."

"ಎಷ್ಟು ಗಂಟೆಗೆ?"

"ಮೂರೂವರೆಗೆ. ಕಾಕಡ ಮೊಗ್ಗಲ್ಲೇ ಕೀಳ್ಬೇಕು ಮಿಸ್. ಬಿಸಿಲು ಬಿದ್ರೆ ಅರಳ್ಬಿಡ್ತದೆ, ಆಮೇಲೆ ಯಾರೂ ಕೇಳಲ್ಲ. ಆರಕ್ಕೆ ದೇವನಹಳ್ಳಿಗೆ ಹೋಗೋ ಟೆಂಪೋ ಬಂದು ನಿಂತ್ಕೊಳ್ತದೆ."

ಗೋಡೆಯ ಮೊಳೆಯಲ್ಲಿ ತಲೆಗೆ ಕಟ್ಟಿಕೊಳ್ಳುವ ಟಾರ್ಚು ಎರಡು ನೇತಾಡುತ್ತಿದ್ದವು. ಒಂದರ ಪಟ್ಟಿಯನ್ನು ಚಿಕ್ಕ ತಲೆಗೆ ಸರಿಯಾಗುವಂತೆ ಗಂಟು ಹಾಕಿ ಕುಗ್ಗಿಸಿದ್ದರು.

"ಪಾಸಾದ್ರೆ ಕಾಲೇಜು ಅಂತ ಇವ್ರು ಮಾತು ಕೊಟ್ಟವ್ರೆ. ಇಲ್ಲಾಂದ್ರೆ ನಂಜೊತೆ ತೋಟ. ಇನ್ನೊಂದ್ಸಲ ಓದ್ಸೋ ಮಾತಿಲ್ಲ" ಅಂದರು. ಹೊರಡುವಾಗ ಕೇಳಿದರು, "ನಿಮ್ಮ ಬುಕ್ಕಲ್ಲಿ ನನ್ನ ವಯಸ್ಸಿನೋರಿಗೆ ಎಷ್ಟು ಗಂಟೆ ನಿದ್ದೆ ಅಂತ ಬರ್ದವ್ರೆ ಮಿಸ್?"

ಅದರಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಕೇಳಿದರು.

"ಏಳು" ಅಂದೆ.

"ಏಳಾ" ಅಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ಒಳಗೆ ಕೇಳಿಸದ ಹಾಗೆ.

ಫೆಬ್ರವರಿ 6, ಗುರುವಾರ

ನನಗೊಬ್ಬಳಿಗೆ ಮಾಡ್ತೀರಾ ಅಂತ ಕೇಳಿದ್ದಳು.

ಅಷ್ಟೇ ಕೇಳಿದ್ದಳು.

ಫೆಬ್ರವರಿ 7, ಶುಕ್ರವಾರ

ನಾಲ್ಕೂವರೆಗೆ ಫೋನ್ ಮಾಡಿದೆ. ಅಕ್ಷತಳೊಬ್ಬಳಿಗೆ. ಮೊದಲ ರಿಂಗಿಗೇ ತೆಗೆದಳು. "ಎದ್ದೆ ಮಿಸ್." ನಿನ್ನೆ ಸಂಜೆ ಮುನಿರತ್ನಮ್ಮನಿಗೆ ಹೇಳಿ ಬಂದಿದ್ದೆ, ಮತ್ತೆ ಶುರು ಮಾಡುತ್ತಿದ್ದೇವೆ, ಅವಳಿಗೆ ವಿಶೇಷ ಕ್ಲಾಸು ಅಂತ.

ಹೆಡ್ ಮಾಸ್ಟರ್ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಕೆಲಸ ಹೋದರೆ ಹೋಗಲಿ ಅಂತಲೇ ಹೋಗಿದ್ದೆ. ಅವರು ರಿಜಿಸ್ಟರ್ ತೆರೆದು ನನ್ನ ಪುಟ ತೋರಿಸಿದರು.

"ಗೊತ್ತಮ್ಮ. ಮೂರು ವಾರದಿಂದ ವಾರದ್ದೆಲ್ಲ ಒಂದೇ ಪೆನ್ನಲ್ಲಿ, ಒಂದೇ ಸಲಕ್ಕೆ ಕೂತು ಹಾಕಿದ್ದೀಯ. ಮೇಲಿನೋರು ಕೇಳಿದ್ರೆ ಸಿಕ್ಕಾಕೊಳ್ತೀಯ. ಎರಡು ಪೆನ್ನು ಇಟ್ಕೋ."

"ಸರ್, ಆ ಮಗು ಏನು ಮಾಡಬೇಕು?"

ಕನ್ನಡಕ ತೆಗೆದು ಒರೆಸಿದರು. "ನಾನು ರೇಷ್ಮೆ ಸಾಕೋ ಮನೇಲಿ ಬೆಳೆದೋನು. ಹಣ್ಣಾಗಿ ಗೂಡು ಕಟ್ಟೋ ಮುಂಚೆ ಒಂದು ವಾರ ಹುಳಕ್ಕೆ ಹೊತ್ತೊತ್ತಿಗೆ ಸೊಪ್ಪು ಹಾಕ್ಬೇಕು, ರಾತ್ರಿ ಹಗಲು ಇಲ್ಲ. ಹತ್ತನೇ ಕ್ಲಾಸು ಹೆಂಗೆ ಪಾಸಾದೆ ಅಂತ ಕೇಳ್ಬೇಡ, ನನಗೂ ಗೊತ್ತಿಲ್ಲ."

ಅದು ಉತ್ತರವಲ್ಲ. ಉತ್ತರ ಇಲ್ಲದವರು ತಮ್ಮ ಬಾಲ್ಯ ಹೇಳುತ್ತಾರೆ.

ಫೆಬ್ರವರಿ 14, ಶುಕ್ರವಾರ

ಇವತ್ತು ಅವಳು ಫೋನ್ ತೆಗೆದಳು, ಆದರೆ ಮಾತಾಡಲಿಲ್ಲ. ಉಸಿರು ಕೇಳಿಸುತ್ತಿತ್ತು. ಉದ್ದದ, ನಿಧಾನದ ಉಸಿರು. ಫೋನ್ ಕಿವಿಗಿಟ್ಟುಕೊಂಡೇ ನಿದ್ದೆ ಹೋಗಿದ್ದಳು.

ಅಕ್ಷತಾ ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಲಿಂದ ಮುನಿರತ್ನಮ್ಮನ ದನಿ, ದೂರದಿಂದ ಹತ್ತಿರ ಬರುತ್ತಾ. ಇನ್ನೊಂದು ಬುಟ್ಟಿ ತೆಗೆದುಕೊಂಡು ಹೋಗಲು ಬಂದಿರಬೇಕು. "ಏನಮ್ಮೀ, ಮಿಸ್ಸು ಏನೂ ಹೇಳ್ತಿಲ್ವಾ? ಇಲ್ಲಾಂದ್ರೆ ಬಾ, ಒಂದು ಸಾಲು ಬಾಕಿ ಐತೆ."

ಕೈಗೆ ಸಿಕ್ಕಿದ್ದು ವಿಜ್ಞಾನ ಪುಸ್ತಕ. ಗಟ್ಟಿಯಾಗಿ ಓದಲು ಶುರು ಮಾಡಿದೆ. ಜೀವಕ್ರಿಯೆಗಳು. ನಾವು ಸುಮ್ಮನೆ ಕೂತಿದ್ದರೂ ಮಲಗಿದ್ದರೂ ದೇಹದ ಒಳಗೆ ದುರಸ್ತಿಯ ಕೆಲಸ ನಡೆಯುತ್ತಲೇ ಇರುತ್ತದೆ ಅನ್ನುವ ಪಾಠ. ಅವರ ಮನೆಯ ಬಟನ್ ಫೋನಿನ ಸ್ಪೀಕರ್ ಜೋರು, ಅಂಗಳಕ್ಕೂ ಕೇಳಿಸಿರಬೇಕು. ಹೆಜ್ಜೆ ದೂರ ಹೋಯಿತು. ನಾನು ನಿಲ್ಲಿಸಲಿಲ್ಲ. ಐದೂವರೆಯವರೆಗೂ ಓದಿದೆ. ಅವಳು ಐದೂವರೆಯವರೆಗೂ ಮಲಗಿದಳು.

ಶಾಲೆಯಲ್ಲಿ ಸಿಕ್ಕಾಗ ನನ್ನ ಮುಖ ನೋಡಲಿಲ್ಲ. ಮೊದಲ ಪೀರಿಯಡ್‌ನಲ್ಲಿ ಎಚ್ಚರವಾಗಿದ್ದಳು.

ಫೆಬ್ರವರಿ 19, ಬುಧವಾರ

ದಿನವೂ ಓದುತ್ತೇನೆ. ಆಮ್ಲ, ಪ್ರತ್ಯಾಮ್ಲ, ಲವಣ. ಬೆಳಕು. ಅನುವಂಶೀಯತೆ. ನಾನು ಕುಂದಾಣದಲ್ಲಿ ಅಜ್ಜಿಯ ಮನೆಯಲ್ಲಿದ್ದು ಕೆಲಸಕ್ಕೆ ಹೋಗುವವಳು, ಇರುವುದು ಒಂದೇ ಕೋಣೆ. ಅಜ್ಜಿ ಮಗ್ಗುಲಾಗಿ ಕೇಳಿತು.

"ಯಾರಿಗೇ ಪಾಠ ಮಾಡ್ತೀಯ ಈ ಹೊತ್ತಲ್ಲಿ?"

"ಒಂದು ಹುಡುಗಿಗೆ ಅಜ್ಜಿ."

"ಕೇಳಿಸ್ಕೊಳ್ತಾಳಾ?"

"ಮಲಗಿದ್ದಾಳೆ."

ಅಜ್ಜಿ ಹೊದಿಕೆ ಎಳೆದುಕೊಂಡು, "ಸರಿ ಬುಡು" ಅಂತು.

ಫೆಬ್ರವರಿ 26, ಬುಧವಾರ

ಶಿವರಾತ್ರಿ ರಜೆ. ಇವತ್ತೂ ಕರೆ ಮಾಡಿದೆ.

ನಿನ್ನೆ ಬೋರ್ಡಿನ ಮೇಲೆ ಶ್ರೇಢಿಯ ಮೊತ್ತದ ಸೂತ್ರ ತಪ್ಪು ಬರೆದಿದ್ದೆ. ಕೀರ್ತನ ಎದ್ದು ಹೇಳಿದಳು. ಹೇಳಿದ ರೀತಿ ಸರಿಯಿರಲಿಲ್ಲ, ಪೀರಿಯಡ್ ಮುಗಿಯುವವರೆಗೂ ನಿಲ್ಲಿಸಿದೆ. ಆ ಬೋರ್ಡಿನ ಮೇಲೆ ಬೆಳಕು ಬಿದ್ದು ಏನೂ ಕಾಣುವುದಿಲ್ಲ. ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಭುಜ ತಟ್ಟಿ, "ಮೇಡಂ, ಕುಂದಾಣ ಆಗೋಗಿ ಮೂರು ಸ್ಟಾಪ್ ಆಯ್ತು" ಅಂದ. ಕೂಗಿ ಹೇಳಿದ್ದರೆ ಇಳಿಯುತ್ತಿದ್ದೆ. ಕೂಗುವುದೇ ಇಲ್ಲ ಇವರು.

ಅಜ್ಜಿ ಅನ್ನುತ್ತಿತ್ತು, "ಊರಿಗೆಲ್ಲ ಮಲಗಿ ಅಂತಿದ್ದೋಳು, ನಿನ್ನ ಕಣ್ಣು ನೋಡ್ಕೊಂಡಿದ್ದೀಯೇನೇ ಕನ್ನಡಿಯಲ್ಲಿ." ವಯಸ್ಸಾದವರಿಗೆ ಎಲ್ಲವೂ ಕಾಯಿಲೆಯ ಹಾಗೆ ಕಾಣುತ್ತದೆ.

ಮಾರ್ಚ್ 5, ಬುಧವಾರ

ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂತು. ಅಕ್ಷತಳಿಗೆ ವಿಜ್ಞಾನದಲ್ಲಿ ನಲವತ್ತೊಂದು. ಕನ್ನಡ, ಸಮಾಜ ಎಲ್ಲ ಪಾಸು. ಗಣಿತ ಹತ್ತೊಂಬತ್ತು. ಬೇಕಾದ್ದು ಇಪ್ಪತ್ತೆಂಟು.

ನಿದ್ದೆ ಸಿಕ್ಕಿದ್ದರಿಂದ ತರಗತಿಯಲ್ಲಿ ಕೇಳಿಸಿಕೊಂಡಳು, ಕೇಳಿಸಿಕೊಂಡದ್ದರಿಂದ ಬರೆದಳು. ಆದರೆ ಗಣಿತ ಕೇಳಿಸಿಕೊಂಡರೆ ಬರುವುದಿಲ್ಲ. ಕೂತು ಮಾಡಬೇಕು. ಕೂತು ಮಾಡಲು ಅವಳಿಗಿರುವುದು ಅದೇ ಒಂದು ಗಂಟೆ. ಸಂಜೆ ವಿಶೇಷ ತರಗತಿ ಮುಗಿದು ಮನೆ ಸೇರುವಾಗ ಏಳೂವರೆ. ಅಷ್ಟು ಹೊತ್ತಿಗೆ ಅಪ್ಪನಿಗೆ ಬುತ್ತಿ ಕಟ್ಟಬೇಕು, ಆಮೇಲೆ ಮನೆಯಲ್ಲಿ ಕಟ್ಟುವ ಹೂವು ಇರುತ್ತದೆ.

ಹಾಗಾದರೆ ಆ ಒಂದು ಗಂಟೆಯಲ್ಲಿ ಮಲಗಬೇಕೋ, ಲೆಕ್ಕ ಮಾಡಬೇಕೋ?

ಕಿರುಹೊತ್ತಿಗೆಯನ್ನು ಮತ್ತೆ ಮೊದಲಿಂದ ಕೊನೆಯವರೆಗೂ ಓದಿದೆ. ಇಪ್ಪತ್ತಾರನೇ ಪುಟದಲ್ಲಿ ‘ಕೋಣೆ ಕತ್ತಲಾಗಿರಲಿ, ಮಲಗುವ ಮುಂಚೆ ಬಿಸಿ ಹಾಲು ಕುಡಿಯಿರಿ’ ಅಂತಿದೆ.

ಮಾರ್ಚ್ 12, ಬುಧವಾರ

ಹೋದ ಗುರುವಾರದಿಂದ ಅವಳನ್ನು ಫೋನಿನಲ್ಲೇ ಎಬ್ಬಿಸಿ ಕೂರಿಸಿದೆ. "ಅಕ್ಷತಾ, ಪೆನ್ನು ತಗೋ. ಎದ್ದು ಕೂತ್ಕೋ. ಬರ್ಕೋ." ಆರು ದಿನ ಮಾಡಿದಳು. ತ್ರಿಕೋನಮಿತಿ ಅರ್ಧ ಬಂತು. ತರಗತಿಯಲ್ಲಿ ಮತ್ತೆ ತಲೆ ಬಿತ್ತು. ಇವತ್ತು ವಿಜ್ಞಾನದ ಪುನರಾವರ್ತನೆಯಲ್ಲಿ ಮೂರು ಪ್ರಶ್ನೆ ಕೇಳಿದೆ, ಫೆಬ್ರವರಿಯಲ್ಲಿ ಪಟಪಟ ಹೇಳಿದ್ದನ್ನು ಹೇಳಲಿಲ್ಲ.

"ನೀನೇ ಹೇಳು. ಬೆಳಿಗ್ಗೆ ಮಲಗ್ತೀಯಾ, ಲೆಕ್ಕ ಮಾಡ್ತೀಯಾ?"

"ನೀವು ಹೇಳಿದಂಗೆ ಮಿಸ್."

ಜನವರಿಯಲ್ಲಾಗಿದ್ದರೆ ಈ ಉತ್ತರಕ್ಕೆ ಹತ್ತು ನಿಮಿಷ ಬೈಯುತ್ತಿದ್ದೆ. ಇವತ್ತು ಸ್ಟಾಫ್ ರೂಮಿಗೆ ಹೋಗಿ ಕೂತೆ.

ಮಾರ್ಚ್ 20, ಗುರುವಾರ

ಒಂದು ದಿನ ನಿದ್ದೆ, ಒಂದು ದಿನ ಲೆಕ್ಕ. ನಾಳೆ ಪರೀಕ್ಷೆ ಶುರು.

ಮಾರ್ಚ್ 24, ಸೋಮವಾರ

ಗಣಿತ ಪರೀಕ್ಷೆ. ನಮ್ಮನ್ನು ಒಳಗೆ ಬಿಡುವುದಿಲ್ಲ. ಕೇಂದ್ರದ ಗೇಟಿನ ಹೊರಗೆ ಹುಣಸೆ ಮರದ ಕೆಳಗೆ ನಿಂತಿದ್ದೆ. ಸುನಿಲ್‌ಕುಮಾರ್ ಓಡಿ ಬಂದು, "ಮಿಸ್, ಸಕತ್ತಾಗಿತ್ತು" ಅಂದ. ಕೀರ್ತನ ನಕ್ಕಳು. ಅಕ್ಷತ ಕೊನೆಯಲ್ಲಿ ಬಂದಳು. ಎಡಗೆನ್ನೆಯ ಮೇಲೆ ಪೆನ್ನಿನ ಗುರುತು ಉದ್ದಕ್ಕೆ ಒತ್ತಿತ್ತು.

ಕೇಳುವುದೇ ಬೇಕಿರಲಿಲ್ಲ. ಆದರೂ ಕೇಳಿದೆ.

"ಯುಗಾದಿ ಹತ್ರ ಬಂತಲ್ಲ ಮಿಸ್. ಮೂರು ದಿನದಿಂದ ಹೂವು ಜಾಸ್ತಿ. ಅಮ್ಮ ಒಬ್ಬಳ ಕೈಲಿ ಆಗ್ಲಿಲ್ಲ. ನಿಮ್ಮ ಫೋನ್ ಮುಗಿದ್ಮೇಲೆ ನಾನೂ ಹೋಗ್ತಿದ್ದೆ. ನಿನ್ನೆ ರಾತ್ರಿ ಕಟ್ಟೋದೂ ಇತ್ತು."

"ಎಷ್ಟು ಹೊತ್ತು ಮಲಗಿದ್ದೆ ಒಳಗೆ?"

"ಗೊತ್ತಿಲ್ಲ ಮಿಸ್. ಅರ್ಧ ಗಂಟೆ ಇರ್ಬೇಕು. ಕೊಠಡಿ ಕಾಯೋ ಮೇಡಂ ತುಂಬ ಒಳ್ಳೆಯೋರು. ಪಾಪ ಸುಸ್ತಾಗಿದೆ ಮಗುಗೆ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ ಅಂದ್ರು ಆಮೇಲೆ."

ಎಂಥ ಬೇಜವಾಬ್ದಾರಿ ಹೆಂಗಸು. ಒಂದು ಮಗುವಿನ ಬದುಕು ಆ ಬೆಂಚಿನ ಮೇಲೆ ಇದೆ ಅನ್ನುವುದು ತಿಳಿಯಬೇಡವೇ. ಭುಜ ಹಿಡಿದು ಅಲ್ಲಾಡಿಸಬೇಕಿತ್ತು. ಮುಖಕ್ಕೆ ನೀರು ಚಿಮುಕಿಸಬೇಕಿತ್ತು. ಕರುಣೆಯಂತೆ ಕರುಣೆ. ಮಲಗಿದವರನ್ನು ಎಬ್ಬಿಸದೆ ಇರುವುದಕ್ಕೆ ಶಿಕ್ಷಕರು ಯಾಕೆ ಬೇಕು?

ಏಪ್ರಿಲ್ 10, ಗುರುವಾರ

ಅತಿಥಿ ಶಿಕ್ಷಕರನ್ನು ಇವತ್ತಿಗೆ ಬಿಡುಗಡೆ ಮಾಡಿದರು. ಜೂನ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕು, ಕರೆದರೆ ಕರೆದರು. ಬ್ಯಾಗ್ ತುಂಬುವಾಗ ಅಂಬರೀಶ್ ಸರ್ ಬಂದು ಅತ್ತಿತ್ತ ನೋಡಿ, "ಮೇಡಂ, ಆ ನಿದ್ದೆ ಪುಸ್ತಕ ಇದ್ಯಾ? ನನ್ನ ಮಗಳು ಒಂಬತ್ತನೇ ಕ್ಲಾಸು. ಟ್ಯೂಷನ್‌ನೋರು ಐದಕ್ಕೇ ಬಾ ಅಂತವ್ರೆ. ಹೆಂಡ್ತಿಗೆ ತೋರಿಸ್ಬೇಕು" ಅಂದರು.

ಕೊಟ್ಟೆ. ಒಂಬತ್ತನೇ ಪುಟ ನೋಡಿ ಅಂದೆ. ತಮಾಷೆ ಮಾಡುತ್ತಾರೇನೋ ಅಂತ ಕಾದೆ, ಮಾಡಲಿಲ್ಲ.

ಏಪ್ರಿಲ್ 22, ಮಂಗಳವಾರ

ದಿನವೂ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಕರೆ ಮಾಡಲು ಕಾರಣ ಇಲ್ಲ. ಪರೀಕ್ಷೆ ಮುಗಿದ ಮನೆಗೆ ಶಾಲೆಯಿಂದ ಏನು ಹೇಳಲಿ. ಈಗ ಅವಳು ತೋಟದಲ್ಲಿರುತ್ತಾಳೆ, ತಲೆಗೆ ಟಾರ್ಚು ಕಟ್ಟಿಕೊಂಡು. ಕಾಗೆ ಕೂಗುವವರೆಗೂ ಹೆಂಚು ನೋಡುತ್ತಾ ಮಲಗಿರುತ್ತೇನೆ.

ಮೇ 2, ಶುಕ್ರವಾರ

ನಮ್ಮ ಶಾಲೆ ಕೊನೆಯ ಐದರಿಂದ ಆಚೆ ಬಂದಿದೆ. ನನ್ನ ಹನ್ನೆರಡರಲ್ಲಿ ಹನ್ನೊಂದು ಪಾಸು. ಕೀರ್ತನ ಶಾಲೆಗೇ ಮೊದಲು.

ಅಕ್ಷತ ಐದು ವಿಷಯದಲ್ಲಿ ಪಾಸು. ಗಣಿತದಲ್ಲಿ ಇಪ್ಪತ್ತೈದು.

ಮೂರು ಅಂಕ. ಅರ್ಧ ಗಂಟೆ.

ಆದಿನಾರಾಯಣಪ್ಪ ಸರ್ ತಾವೇ ಫೋನ್ ಮಾಡಿ, ಎರಡನೇ ಪರೀಕ್ಷೆ ಈ ತಿಂಗಳ ಕೊನೆಗೇ ಇದೆ, ಅರ್ಜಿ ನಾನು ತುಂಬುತ್ತೇನೆ, ನೀನು ಮನೆಯವರ ಹತ್ತಿರ ಮಾತಾಡು ಅಂದರು. ಮುನಿರತ್ನಮ್ಮನಿಗೆ ಫೋನ್ ಮಾಡಿದೆ.

"ಬುಡಿ ಮಿಸ್. ನೀವು ಮಾಡೋದು ಮಾಡಿದ್ರಿ. ದಿನಾ ಬೆಳಿಗ್ಗೆ ಅಷ್ಟೊಂದು ಹೇಳಿಕೊಟ್ರಿ, ನಾನೇ ಕೇಳಿಸ್ಕೊಂಡಿದ್ದೀನಲ್ಲ. ಅವಳ ತಲೆಗೇ ಹತ್ತಲಿಲ್ಲ."

ನಿಜ ಹೇಳಿದರೆ ಮಗು ಕೆಟ್ಟದ್ದಾಗುತ್ತದೆ. ಹೇಳದಿದ್ದರೆ ಮಗು ದಡ್ಡಿಯಾಗುತ್ತದೆ.

"ಅವಳು ದಡ್ಡಿಯಲ್ಲ" ಅಂದೆ. "ಇನ್ನೊಂದು ಸಲ ಬರೀಲಿ."

"ಇವ್ರು ಒಪ್ಪಲ್ಲ. ಕೇಳಿ ನೋಡ್ತೀನಿ. ತೋಟ ಬಿಟ್ಟಂತೂ ಆಗಲ್ಲ ಮಿಸ್, ಮದುವೆ ಸೀಸನ್ನು."

ಅಕ್ಷತಳಿಗೆ ಫೋನ್ ಕೊಡಿ ಅಂದೆ. ಮಲಗವಳೆ ಅಂದರು. ಮಧ್ಯಾಹ್ನ ಹನ್ನೆರಡು ಗಂಟೆ. ಎಬ್ಬಿಸಲಾ ಅಂತ ಕೇಳಿದರು.

ಬೇಡ ಅಂದೆ.

ಮೇ 5, ಸೋಮವಾರ

ಏನೂ ಇಲ್ಲ.

ಮೇ 6, ಮಂಗಳವಾರ

ಏನೂ ಇಲ್ಲ. ಅಜ್ಜಿ ಇವತ್ತು ನನ್ನ ಫೋನನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿತ್ತು, ಮಲಗಲಿ ಅಂತ. ಹುಡುಕಿ ತಂದು ತಲೆದಿಂಬಿನ ಪಕ್ಕ ಇಟ್ಟುಕೊಂಡೆ.

ಮೇ 9, ಶುಕ್ರವಾರ

ನಾಲ್ಕೂವರೆಗೆ ಫೋನ್ ಒಂದೇ ಒಂದು ರಿಂಗ್ ಆಗಿ ನಿಂತಿತು.

ಅವಳ ಮನೆಯ ನಂಬರು.

ಎದ್ದಿದ್ದೇನೆ, ಪುಸ್ತಕದ ಮುಂದೆ ಕೂತಿದ್ದೇನೆ ಎಂದು ಅದರ ಅರ್ಥ. ಜನವರಿಯಲ್ಲಿ ನಾವೇ ಕಲಿಸಿದ್ದು. ಅಪ್ಪ ಒಪ್ಪಿದರೋ, ಅಮ್ಮ ಒಬ್ಬರೇ ಒಪ್ಪಿದರೋ, ಯಾರನ್ನೂ ಕೇಳದೆ ಕೊಟ್ಟಳೋ ಗೊತ್ತಿಲ್ಲ. ಪರೀಕ್ಷೆಗಾಗಿ ಕೊಟ್ಟಳೋ, ಒಂದು ಗಂಟೆ ನಿದ್ದೆಗಾಗಿ ಕೊಟ್ಟಳೋ, ಅದೂ ಗೊತ್ತಿಲ್ಲ.

ತಿರುಗಿ ಮಾಡಿದೆ. ತೆಗೆದಳು. "ಅಮ್ಮಾ, ಮಿಸ್ಸು" ಅಂತ ಆಚೆಗೆ ಹೇಳಿದ್ದು ಕೇಳಿಸಿತು. ಬಾಗಿಲ ಚಿಲಕ, ದೂರ ಹೋಗುವ ಹೆಜ್ಜೆ.

ವಿಜ್ಞಾನ ಪಾಸಾಗಿದ್ದಾಳೆ, ಅದು ಇನ್ನು ಬೇಡ. ಗಣಿತ ಪುಸ್ತಕ ತೆರೆದೆ. ಸಮಾಂತರ ಶ್ರೇಢಿ, ಮೊದಲನೇ ಲೆಕ್ಕ. "ಅಕ್ಷತಾ, ಬರ್ಕೋತೀಯಾ?" ಅಂದೆ. ಉತ್ತರ ಬರಲಿಲ್ಲ. ಹಾಳೆಯ ಮೇಲೆ ಪೆನ್ನು ಸರಿಯುವ ಸದ್ದೋ ಉಸಿರಿನ ಸದ್ದೋ, ಆ ಹಳೇ ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಎರಡನೇ ಸಲ ಕೂಗಿ ಕೇಳಲಿಲ್ಲ.

ಲೆಕ್ಕ ಓದಿದೆ. ಎದ್ದಿದ್ದರೆ ಕೇಳಿಸುವಷ್ಟು, ಮಲಗಿದ್ದರೆ ಎಚ್ಚರವಾಗದಷ್ಟು.